ಸಾವ್ಕಾರರ ಶಾಲು

ಕೌದಿ ಹೊಲಿಯುವುದರಲ್ಲಿ ಸಾವಂತ್ರೆವ್ವನದು ಎತ್ತಿದ ಕೈ. ಈಗ ಮಗಳ ಹೆರಿಗೆ ಹತ್ತಿರವಾಗಿತ್ತು. ಹುಟ್ಟುವ ಕೂಸಿಗೆ ತೀರಿಹೋದ ತನ್ನವ್ವನ ಇಳಕಲ್ ಸೀರೆಯ ತುಂಡುಗಳಿಂದಲೇ ಕೌದಿಯಾಗಬೇಕು ಎಂಬುದು ಅವಳ ಹಟ. ತುಂಡುಗಳ ಸುಕ್ಕು ತೆಗೆಯಲು ಇಸ್ತ್ರಿ ಪೆಟ್ಟಿಗೆ ಕೊಳ್ಳಬೇಕೆಂದು, ಒಂದೆರಡು ತುಂಡು ಹಿಡಿದು ಚನ್ನಮಲ್ಲಪ್ಪನ ಅಂಗಡಿಗೆ ಹೋದಳು.

ಚನ್ನಮಲ್ಲಪ್ಪ ಥಳಥಳಿಸುವ ಪೆಟ್ಟಿಗೆಯೊಂದನ್ನು ಮುಂದಿಟ್ಟ. "ಇದನ್ನ ಒಯ್ಯಿ. ಉಗಿ ಬಿಡತೈತಿ, ಬಣ್ಣಬಣ್ಣದ ದೀಪ ಹತ್ತತಾವ."

"ಒಂದು ತುಂಡಿನ ಮ್ಯಾಲ ಹಚ್ಚಿ ನೋಡ್ಲೇನ್ರಿ? ಸುಟ್ಟರ ಈ ಸೀರಿ ಮತ್ತ ಸಿಗಾಂಗಿಲ್ಲ."

"ನನ್ನ ಮಾತು ಸಾಲದೇನು? ಒಯ್ಯೋದಿದ್ರ ಇದನ್ನ ಒಯ್ಯಿ, ಇಲ್ಲಾಂದ್ರ ದಾರಿ ಹಿಡಿ!"

ಸಾವಂತ್ರೆವ್ವ ದಾರಿ ಹಿಡಿಯಲಿಲ್ಲ. ಅವನ ಹೆಗಲ ಮೇಲಿನ ರೇಷ್ಮೆ ಶಾಲನ್ನು ನೋಡಿದಳು. ಮದುವೆಯಲ್ಲಿ ಮಾವ ಹೊದಿಸಿದ ಶಾಲು ಅದು. ಅದನ್ನು ಹೊದ್ದು ಸಂಜೆ ಮಗನಿಗೆ ಹೆಣ್ಣು ನೋಡಲು ಹೋಗುತ್ತೇನೆಂದು ಅವನು ಬೆಳಗಿನಿಂದ ಬಂದವರಿಗೆಲ್ಲ ಹೇಳುತ್ತಿದ್ದ.

"ಹಿಂಗ ಹೋಗ್ತೀರೇನ್ರಿ ಸಾವ್ಕಾರ್ರ, ಬೀಗರ ಮನಿಗೆ? ಶಾಲು ಎಮ್ಮಿ ಜಗಿದು ಉಗುಳಿದಂಗ ಐತಿ."

ಚನ್ನಮಲ್ಲಪ್ಪ ಗಾಬರಿಯಾಗಿ ಶಾಲು ತೆಗೆದು ಮೇಜಿನ ಮೇಲೆ ಹಾಸಿದ. ಅವನ ಕೈ ಥಳಥಳಿಸುವ ಪೆಟ್ಟಿಗೆಯವರೆಗೆ ಹೋಗಿ ಅಲ್ಲೇ ನಿಂತಿತು. ಆಮೇಲೆ ಬಗ್ಗಿ, ಕೆಳಗಿನ ಹಲಗೆಯಿಂದ ಧೂಳು ಹಿಡಿದ, ದೀಪಗೀಪ ಇಲ್ಲದ, ಭಾರವಾದ ಪೆಟ್ಟಿಗೆಯೊಂದನ್ನು ಎಳೆದು ತೆಗೆದ. ಒರೆಸಿ, ಕಾಯಿಸಿ, ಉಸಿರು ಬಿಗಿಹಿಡಿದು ತೀಡಿದ. ಶಾಲು ಹೊಸದರಂತಾಯಿತು.

"ಈಗ ಹೆಂಗೈತಿ?" ಎಂದು ಮೀಸೆ ತಿರುವಿದ.

"ಭಾಳ ಚಂದ ಆತ್ರಿ. ಆರಿದ ಮ್ಯಾಲ ಆ ಪೆಟ್ಟಿಗಿ ಕಟ್ಟಿಕೊಡ್ರಿ."

ಚನ್ನಮಲ್ಲಪ್ಪನ ಕೈ ಮೀಸೆಯ ಮೇಲೇ ಉಳಿಯಿತು. "ಮತ್ತ... ಈ ದೀಪದ್ದು?"

"ನಿಮ್ಮ ಶಾಲಿಗೇ ಮುಟ್ಟಿಸಲಿಲ್ಲ ನೀವು," ಎಂದಳು ಸಾವಂತ್ರೆವ್ವ, "ನಮ್ಮವ್ವನ ಸೀರಿಗೆ ಯಾಕ್ರಿ?"