ಅವಸರದ ಬಡಗಿಯ ದೋಣಿ

"ಅಯ್ಯನವರೇ, ನನಗೆ ಬರುವುದು ವೈರಿಂಗ್ ಒಂದೇ. ಪರದೇಶದ ಆಸ್ಪತ್ರೆಯೊಂದರಲ್ಲಿ ಕೆಲಸ ಸಿಕ್ಕಿದೆ. ಅಲ್ಲಿ ದಿನದ ಕೆಲಸವನ್ನು ಬೇಗ ಬೇಗ ಮುಗಿಸಿ, ದೇವರ ಸೇವೆಗೆ ಹೊತ್ತು ಉಳಿಸಿಕೊಳ್ಳುವುದು ಹೇಗೆ?" ಎಂದು ರೂಬೇನ ಕೇಳಿದ. ಮುಂದಿನ ವಾರ ಅವನ ಪ್ರಯಾಣವಿತ್ತು.

ಕ್ರೈಸ್ತ ಸಭೆಯ ಪಾದ್ರಿಯಾದ ಅಯ್ಯನವರು ನಕ್ಕರು. "ವೈರಿಂಗನ್ನು ಬೇಗ ಬೇಗ ಮುಗಿಸುತ್ತೀಯಾ? ಹಾಗಾದರೆ ನಮ್ಮ ದೇವಾಲಯದ ದೀಪ ಮುಟ್ಟಬೇಡ ಮಾರಾಯ. ಕೂತುಕೋ, ಒಂದು ಕತೆ ಹೇಳುತ್ತೇನೆ" ಎಂದರು.

ಕಡಲ ತೀರದ ಒಂದು ಸಭೆಯಲ್ಲಿ ಒಬ್ಬ ಬಡಗಿ ಇದ್ದ. ದೋಣಿ ಕಟ್ಟುವುದರಲ್ಲಿ ಪಳಗಿದ ಕೈ. ದೂರದ ದ್ವೀಪದ ಬೆಸ್ತರಿಗೆ ಬಡಗಿ ಬೇಕಾಗಿದ್ದಾನೆ ಎಂದು ತಿಳಿದು, ಅಲ್ಲಿಗೆ ಹೋಗಿ ಸೇವೆ ಮಾಡುತ್ತೇನೆ ಎಂದು ಹೊರಟ. ಸಭೆಯ ಹೆಂಗಸರು ಅನ್ನಕ್ಕೆ ಇಡುವಾಗಲೆಲ್ಲ ಒಂದು ಹಿಡಿ ಅಕ್ಕಿ ತೆಗೆದಿಟ್ಟು, ಅದನ್ನು ಮಾರಿ ಅವನನ್ನು ಕಳುಹಿಸಿದರು. ಆ ಅಕ್ಕಿ ಅವನ ಮನಸ್ಸಿಗೆ ಭಾರವಾಯಿತು. ಅಕ್ಕಿ ಕೊಟ್ಟವರಿಗೆ ಬೋಧನೆಯ ಸುದ್ದಿ ಕಳುಹಿಸಬೇಕು, ಹಲಗೆಯ ಸುದ್ದಿ ಯಾರಿಗೆ ಬೇಕು ಎಂದುಕೊಂಡ.

ದೋಣಿ ಕಟ್ಟುವವರದೊಂದು ಕ್ರಮವಿದೆ. ಹಲಗೆಗಳ ಸಂದಿಗೆ ಹತ್ತಿ ತುರುಕಿ ರಾಳ ಬಳಿದ ಮೇಲೆ, ದೋಣಿಯನ್ನು ದಡದಲ್ಲೇ ಇಟ್ಟು ಒಳಗೆ ನೀರು ತುಂಬಿಸುತ್ತಾರೆ. ಎಲ್ಲಿ ಜಿನುಗುತ್ತದೆ ಎಂದು ಹೊರಗೆ ಕೂತು ನೋಡುತ್ತಾರೆ. ಇಡೀ ದಿನದ ಕೆಲಸ. ದಾರಿಹೋಕರಿಗೆ ಸೋಮಾರಿ ಕೂತಂತೆ ಕಾಣುತ್ತದೆ. ದ್ವೀಪಕ್ಕೆ ಬಂದ ಬಡಗಿ ಅದನ್ನು ಬಿಟ್ಟುಬಿಟ್ಟ. ಆ ಹೊತ್ತಿನಲ್ಲಿ ಮರದ ಕೆಳಗೆ ಜನ ಕೂಡಿಸಿ ಬೋಧಿಸಿದ. ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಎನ್ನುತ್ತಾರೆ. ಇಲ್ಲಿ ಎರಡೂ ಸೇರಿ ದೋಣಿ ಕೆಡಿಸಿದವು.

ಒಂದು ಸಂಜೆ ಬೋಧನೆಯ ನಡುವೆ ಒಬ್ಬ ಬೆಸ್ತ ಬಂದು ನಿಂತ. ಮೈಯೆಲ್ಲ ತೊಯ್ದ ಅವನ ತಮ್ಮ ಹಿಂದೆ ನಡುಗುತ್ತಿದ್ದ.

"ನಿನ್ನ ದೇವರು ಒಳ್ಳೆಯವನು ಅಂತೀಯ, ಇರಬಹುದು" ಎಂದ ಬೆಸ್ತ. "ನೀನು ಕಟ್ಟಿದ ದೋಣಿಯಲ್ಲಿ ಇವನು ನೀರು ಗೋರಿ ಗೋರಿ, ಹೇಗೋ ಜೀವ ಹಿಡ್ಕೊಂಡು ಬಂದಿದ್ದಾನೆ. ಹೊಟ್ಟೆಪಾಡು, ಮತ್ತೆ ಹೋಗಲೇಬೇಕು. ಈಗ ಇವನಿಗೇನು ಹೇಳ್ತೀಯ, ಹೇಳು."

ಬಡಗಿಗೆ ನಾಚಿಕೆಯಾಯಿತು. ಬೋಧನೆಯ ಪುಸ್ತಕ ಮುಚ್ಚಿ ದಡಕ್ಕೆ ಹೋದ. ಆ ದೋಣಿಯ ಸಂದಿಯ ಹತ್ತಿಯನ್ನೆಲ್ಲ ಕಿತ್ತು ಹೊಸದಾಗಿ ತುರುಕಿ, ರಾಳ ಬಳಿದ. ಅದು ಒಣಗಿದ ಮೇಲೆ, ಒಂದು ಬೆಳಿಗ್ಗೆ ನೀರು ತುಂಬಿಸಿ ಎದುರಿಗೆ ಕೂತ. ಬಿಸಿಲು ಏರಿದರೂ ಏಳಲಿಲ್ಲ. ಬೋಧನೆಗೆ ಬಂದವರು ಮರದ ಕೆಳಗೆ ಸ್ವಲ್ಪ ಹೊತ್ತು ಕಾದು ಮನೆಗೆ ಹೋದರು.

ಬೆಸ್ತ ಬಂದು ಪಕ್ಕದಲ್ಲಿ ಕೂತ. "ಇವತ್ತು ದೇವರ ಮಾತು ಇಲ್ಲವಾ?"

"ಸ್ವಲ್ಪ ಸುಮ್ಮನಿರು ಮಾರಾಯ" ಎಂದ ಬಡಗಿ, "ಅಲ್ಲೊಂದು ಕಡೆ ಜಿನುಗ್ತಾ ಉಂಟು."

ಇಬ್ಬರೂ ಸೇರಿ ಅಲ್ಲಿಗೆ ಹತ್ತಿ ಒತ್ತಿದರು. ದ್ವೀಪಕ್ಕೆ ಬಂದ ಮೇಲೆ ಬಡಗಿಯ ಮನಸ್ಸು ಹಗುರವಾದದ್ದು ಅವತ್ತೇ. ಹಾಯಾಗಿ ಉಂಡು ಮಲಗಿದ. ಬೆಸ್ತನ ತಮ್ಮ ಅದೇ ದೋಣಿಯಲ್ಲಿ ಕಡಲಿಗೆ ಹೋದ.

ಅಯ್ಯನವರು ಅಲ್ಲಿಗೆ ಕತೆ ನಿಲ್ಲಿಸಿದರು.

"ಅದೆಲ್ಲ ಸರಿ ಅಯ್ಯನವರೇ" ಎಂದ ರೂಬೇನ. "ಆಮೇಲೆ ಅವನು ದೇವರ ಸೇವೆ ಮಾಡಿದ್ದು ಯಾವಾಗ?"

"ಆ ತಮ್ಮ ಒಣ ಬಟ್ಟೆಯಲ್ಲೇ ಮನೆಗೆ ಬಂದ, ರೂಬೇನ" ಎಂದರು ಅಯ್ಯನವರು.