ಹಪ್ಪಳದ ಅಂಗಳದ ಕೆಳಗಿನ ಕೊಳವೆ

"ಬುದ್ಧಿ, ಯಾರ ಹಂಗೂ ಇಲ್ಲದೆ ಬದುಕುವುದು ಹೇಗೆ?" ಎಂದು ಶಿಷ್ಯ ಉದ್ದಾನಯ್ಯ ಕೇಳಿದ.

ಮಧ್ಯಾಹ್ನದ ಪ್ರಸಾದ ಮುಗಿದಿತ್ತು. ಗುರುಗಳು ಮಠದ ಜಗುಲಿಯಲ್ಲಿ ಗೋಡೆಗೆ ಒರಗಿ ಕುಳಿತಿದ್ದರು.

"ಯಾಕಯ್ಯ, ಮಠದ ಮುದ್ದೆ ಗಂಟಲಲ್ಲಿ ಸಿಕ್ಕಿಕೊಂಡಿತೆ?"

"ಹೌದು ಬುದ್ಧಿ. ಉಣ್ಣುವ ರಾಗಿ ಭಕ್ತರದು, ಉಡುವ ಬಟ್ಟೆ ಭಕ್ತರದು. ಕೊಟ್ಟವರ ಮುಖ ನೋಡಲು ನಾಚಿಕೆಯಾಗುತ್ತದೆ. ಅಪ್ಪಣೆಯಾದರೆ ಬೆಟ್ಟದ ಗವಿಗೆ ಹೋಗಿ ಒಬ್ಬನೇ ಇದ್ದುಬಿಡುತ್ತೇನೆ."

"ಹೋಗುವೆಯಂತೆ, ಗವಿ ಎಲ್ಲಿಗೂ ಓಡಿಹೋಗುವುದಿಲ್ಲ. ಮೊದಲು ಕುಳಿತುಕೋ" ಎಂದು ಗುರುಗಳು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ವ್ಯಾಪಾರಿ ಇದ್ದ. ಯಾವ ಊರು ಎಂದು ಕೇಳಬೇಡ. ನಗರಸಭೆ ಇರುವ ಊರು, ಅಷ್ಟು ಸಾಕು. ಅವನೂ ನಿನ್ನ ಹಾಗೆಯೇ. ಹಂಗು ಎಂದರೆ ಮೈಯೆಲ್ಲ ಉರಿ. ಮದುವೆಮನೆಯಲ್ಲಿ ಊಟಕ್ಕೆ ಕುಳಿತರೂ ಎರಡನೆಯ ಸಲ ಸಾರು ಕೇಳುವವನಲ್ಲ.

ಅವನು ಮನೆ ಕಟ್ಟಿಸಿದ. ನೀರಿಗೆ ಸ್ವಂತ ಬೋರ್‌ವೆಲ್, ದೀಪಕ್ಕೆ ಚಾವಣಿಯ ಮೇಲೆ ಸೋಲಾರ್, ಸುತ್ತ ಆಳೆತ್ತರದ ಗೋಡೆ. ಪಾಯ ಅಗೆದ ದಿನ ಪಕ್ಕದ ಮನೆಯ ಹೆಂಗಸು ಕೆಲಸದವರಿಗೆಂದು ಒಂದು ಕೊಡ ಮಜ್ಜಿಗೆ ತಂದಳು. ಅವಳು ಹಪ್ಪಳ ಮಾಡಿ ಮಾರುವವಳು. ಬಿಸಿಲು ಬಂತೆಂದರೆ ಅವಳ ಅಂಗಳದ ತುಂಬ ಹಪ್ಪಳ. ವ್ಯಾಪಾರಿ ಮಜ್ಜಿಗೆಯನ್ನು ಗೇಟಿನಿಂದಲೇ ವಾಪಸು ಕಳಿಸಿದ. "ನಮಗೆ ಯಾರ ಹಂಗೂ ಬೇಡಮ್ಮ" ಎಂದ. ಆಯಿತಪ್ಪ ಎಂದು ಅವಳು ಹೋದಳು.

ಮನೆ ಎದ್ದು ನಿಂತಿತು. ಅತ್ತ ಅವನ ಒಬ್ಬಳೇ ಮಗಳಿಗೆ ಏಳು ತಿಂಗಳು ತುಂಬುತ್ತ ಬಂತು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕಲ್ಲ. ಅಂಗಡಿಯ ಹಿಂದಿನ ಒಂದು ಕೋಣೆಯಲ್ಲಿ ಸಂಸಾರ ಮಾಡಿದವನು ಅವನು. ಮಗಳನ್ನು ಆ ಕೋಣೆಯಲ್ಲೇ ಬೆಳೆಸಿ ಮದುವೆ ಮಾಡಿ ಕಳಿಸಿದ್ದ. ಮೊಮ್ಮಗುವಾದರೂ ಅಗಲವಾದ ಮನೆಯಲ್ಲಿ ಕಣ್ಣು ಬಿಡಲಿ ಎಂಬ ಆಸೆಗೇ ಇಷ್ಟೆಲ್ಲ ಮಾಡಿದ್ದು. ಬಾಣಂತಿಯ ಮನೆ ಎಂದರೆ ಸನ್ಯಾಸಿಯಾದ ನಿನಗೇನು ಗೊತ್ತು! ದಿನಾ ಹಂಡೆಗಟ್ಟಲೆ ನೀರು ಕಾಯಿಸಬೇಕು, ಸುರಿಯಬೇಕು. ಎಣ್ಣೆ, ಸೀಗೆಪುಡಿ, ಕೂಸಿನ ಬಟ್ಟೆ. ಅದೆಲ್ಲ ತೊಳೆದ ನೀರು ಹೊರಗೆ ಹೋಗಬೇಕು.

ಒಳಚರಂಡಿ ಸಂಪರ್ಕಕ್ಕೆ ವ್ಯಾಪಾರಿ ನಗರಸಭೆಯಲ್ಲಿ ಅರ್ಜಿ ಹಾಕಿದ. ಎಂಜಿನಿಯರ್ ಬಂದು ನೋಡಿದ, ಪರವಾನಗಿ ಕೊಡಲು ಬರುವುದಿಲ್ಲ ಎಂದ.

ಯಾಕೆ ಗೊತ್ತೆ? ವಾಸ್ತು. ನೀರು ಈಶಾನ್ಯಕ್ಕೆ ಹರಿದರೆ ಮನೆಗೆ ಶುಭ ಎಂದು ಯಾರೋ ಹೇಳಿದ್ದರು. ವ್ಯಾಪಾರಿ ನೆಲವನ್ನೆಲ್ಲ ಆ ಮೂಲೆಗೆ ಇಳಿಜಾರು ಮಾಡಿಸಿದ್ದ. ರಸ್ತೆಯ ಚರಂಡಿ ಇದ್ದದ್ದು ಪಡುವಣಕ್ಕೆ, ಎತ್ತರದಲ್ಲಿ. ನೀರು ಶಾಸ್ತ್ರ ಓದಿಕೊಂಡು ಮೇಲೆ ಹತ್ತುತ್ತದೆಯೆ? ಈಶಾನ್ಯದಲ್ಲಿ ಇದ್ದದ್ದು ಆ ಹೆಂಗಸಿನ ಅಂಗಳ. ಅದರ ಆಚೆ ಹಿಂದಿನ ಬೀದಿಯ ಚರಂಡಿ.

ಮೋಟಾರ್ ಇಟ್ಟು ಮೇಲಕ್ಕೆ ಎತ್ತುತ್ತೇನೆ ಎಂದ ವ್ಯಾಪಾರಿ. ಅದು ಕೆಟ್ಟು ನಿಂತ ದಿನ ಎಲ್ಲ ಬೀದಿಗೆ ಉಕ್ಕುತ್ತದೆ ಎಂದ ಎಂಜಿನಿಯರ್. ಹಿತ್ತಲಲ್ಲಿ ಗುಂಡಿ ತೋಡಿಸುತ್ತೇನೆ ಎಂದ ವ್ಯಾಪಾರಿ. ಒಳಚರಂಡಿ ಬಂದಿರುವ ಬೀದಿಯಲ್ಲಿ ಗುಂಡಿಗೆ ನಗರಸಭೆ ಒಪ್ಪುವುದಿಲ್ಲ ಎಂದ ಎಂಜಿನಿಯರ್. ಆಯಮ್ಮನ ಅಂಗಳದ ಕೆಳಗೆ ಕೊಳವೆ ಹಾಯಿಸಬೇಕು, ಅವರ ಒಪ್ಪಿಗೆ ಬರೆಸಿಕೊಂಡು ಬನ್ನಿ ಎಂದು ಹೇಳಿ ಹೊರಟುಹೋದ.

ವ್ಯಾಪಾರಿ ಅವಳ ಮನೆಗೆ ಹೋಗಲಿಲ್ಲ. ಯಾವ ಮುಖ ಇಟ್ಟುಕೊಂಡು ಹೋದಾನು? ಅದರ ಬದಲು ದಿನಾ ನಗರಸಭೆಗೆ ಹೋಗಿ ಬೆಂಚಿನ ಮೇಲೆ ಕೂರುತ್ತಿದ್ದ. ಬೇರೆ ದಾರಿ ಹುಟ್ಟೀತು ಎಂದು ಕಾಯುತ್ತಿದ್ದ. ಅಷ್ಟರಲ್ಲಿ ಬೀಗರು ಹೇಳಿಕಳಿಸಿದರು. ನಲ್ಲಿ ತಿರುಗಿಸಲಾಗದ ಮನೆಗೆ ಬಸುರಿಯನ್ನು ಕಳಿಸುವುದಿಲ್ಲ, ಹೆರಿಗೆ ಇಲ್ಲೇ ಆಗಲಿ ಎಂದು. ಅವನ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಅವನಿಗೂ ಸಂಕಟವಾಯಿತು, ಆದರೂ ಕಾಲು ಮಾತ್ರ ಪಕ್ಕದ ಮನೆಯ ಕಡೆ ಏಳಲಿಲ್ಲ.

ಒಂದು ಮಧ್ಯಾಹ್ನ ಬೆಂಚಿನ ಮೇಲೆ ಅವನಿಗೆ ಜೊಂಪು ಹತ್ತಿತು. ಮೇಲೆ ಫ್ಯಾನು ತಿರುಗುತ್ತಿತ್ತು. ಯಾರೋ ಹೆಸರು ಹಿಡಿದು ಕರೆದ ಹಾಗಾಯಿತು. ಎದ್ದು ಹೋದ. ಬಾಗಿಲ ಆಚೆ ಮೆಟ್ಟಿಲುಗಳು ಕೆಳಗೆ ಇಳಿಯುತ್ತಿದ್ದವು. ಇಳಿದ. ಅದು ಊರಿನ ಕೆಳಗಿನ ಊರು. ಅಲ್ಲಿ ನಾತವಿರಲಿಲ್ಲ, ಕತ್ತಲೆಯೂ ಇರಲಿಲ್ಲ. ಮೊಣಕಾಲುದ್ದದ ನೀರು ಮೆಲ್ಲಗೆ ಹೋಗುತ್ತಿತ್ತು. ಅವನೂ ಅದರ ಜೊತೆ ಹೋದ.

ತಲೆಯ ಮೇಲೆ ಮನೆಗಳು. ಒಂದು ಮನೆಯಲ್ಲಿ ಅಕ್ಕಿ ತೊಳೆಯುತ್ತಿದ್ದರು, ನೀರು ಬೆಳ್ಳಗೆ ಇಳಿದು ಬಂತು. ಒಂದು ಮನೆಯಲ್ಲಿ ಮಗುವಿಗೆ ಸ್ನಾನ. ಇನ್ನೊಂದು ಮನೆಯಲ್ಲಿ ತೀರಿಕೊಂಡವರಿಗೆ ಸ್ನಾನ. ಎಲ್ಲೋ ಯಾರೋ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದರು, ಆ ನೀರೂ ಬಂತು. ನೀನು ಯಾರ ಮನೆಯದು ಎಂದು ಒಂದು ನೀರು ಇನ್ನೊಂದನ್ನು ಕೇಳಲಿಲ್ಲ. ಎಲ್ಲ ಸೇರಿಕೊಂಡು ಅವನ ಕಾಲು ಸವರಿ ಮುಂದೆ ಹೋದವು. ಅವನಿಗೆ ಹಾಯೆನಿಸಿತು. ಎಷ್ಟು ಹೊತ್ತು ನಡೆದನೋ ತಿಳಿಯದು.

ಒಂದು ಕಡೆ ಮಾತ್ರ ಮೇಲಿನಿಂದ ಏನೂ ಇಳಿಯುತ್ತಿರಲಿಲ್ಲ. ತಲೆಯೆತ್ತಿದ. ತನ್ನ ಮನೆ. ಕಿವಿಗೊಟ್ಟ, ಸದ್ದಿಲ್ಲ. ಮಗಳ ಹೆಸರು ಹಿಡಿದು ಕೂಗಿದ. ಅವನ ದನಿ ಖಾಲಿ ಕೋಣೆಗಳನ್ನೆಲ್ಲ ಸುತ್ತಿ ಅವನ ಹತ್ತಿರವೇ ವಾಪಸು ಬಂತು.

ಜವಾನ ಭುಜ ಅಲ್ಲಾಡಿಸಿದಾಗ ಎಚ್ಚರವಾಯಿತು. ವ್ಯಾಪಾರಿ ಚಪ್ಪಲಿ ಮೆಟ್ಟಿಕೊಂಡು ನೆಟ್ಟಗೆ ಆ ಹೆಂಗಸಿನ ಅಂಗಳಕ್ಕೆ ಹೋದ. ಅವಳು ಹಪ್ಪಳ ಮಗುಚಿ ಹಾಕುತ್ತಿದ್ದಳು.

"ತಾಯಿ, ನನ್ನ ಮನೆಯ ಕೊಳೆ ನಿಮ್ಮ ಅಂಗಳದ ಕೆಳಗೆ ಹೋಗಬೇಕು" ಎಂದ.

"ಮಗಳು ಬಾಣಂತನಕ್ಕೆ ಬರುತ್ತಾಳಂತಲ್ಲ" ಎಂದಳು ಅವಳು. "ಅಗೆಸಪ್ಪ. ಹಪ್ಪಳ ಎತ್ತಿಡುತ್ತೇನೆ."

"ಅದಕ್ಕೆ ನಾನು ಏನು ಕೊಡಲಿ?"

"ಅಯ್ಯೋ, ಕೂಸಿಗೆ ಎರೆದ ನೀರಿಗೆ ಯಾರಾದರೂ ಬಾಡಿಗೆ ಕೇಳುತ್ತಾರೇನಪ್ಪ!" ಎಂದು ಅವಳು ನಕ್ಕುಬಿಟ್ಟಳು.

ಒಪ್ಪಿಗೆಗೆ ಹೆಬ್ಬೆಟ್ಟು ಒತ್ತಿದಳು. ಪರವಾನಗಿ ಬಂತು. ಅಂಗಳ ಅಗೆದರು. ಕೊಳವೆ ಹೂತು, ಮಣ್ಣು ಕೂತು, ನೆಲ ಮತ್ತೆ ಗಟ್ಟಿಯಾಗುವ ತನಕ ಅವಳಿಗೆ ಹಪ್ಪಳವಿಲ್ಲ, ಸಂಪಾದನೆಯೂ ಇಲ್ಲ. ಅವಳು ಅದನ್ನು ಯಾರ ಹತ್ತಿರವೂ ಆಡಲಿಲ್ಲ.

ಮಗಳು ಬಂದಳು. ಹೆಣ್ಣು ಕೂಸು ಹುಟ್ಟಿತು. ಕೂಸಿಗೆ ಮೊದಲ ಸಲ ಎರೆದ ಬೆಳಿಗ್ಗೆ ವ್ಯಾಪಾರಿ ಮನೆಯಲ್ಲಿ ನಿಲ್ಲಲಿಲ್ಲ. ಪಕ್ಕದ ಅಂಗಳಕ್ಕೆ ಹೋಗಿ ಮೊಣಕಾಲೂರಿ ಬಗ್ಗಿ ನೆಲಕ್ಕೆ ಕಿವಿ ಹಚ್ಚಿದ. ಒಳಗೆ ನೀರು ಹೋಗುವ ಸದ್ದು ಕೇಳಿಸಿತು. ಆ ಕೊಳವೆಯ ಮೇಲಿನ ನೆಲದಲ್ಲೇ ಆ ಹೆಂಗಸು ಚಾಪೆ ಹಾಸಿ ಹಪ್ಪಳ ಹರಡುತ್ತಿದ್ದಳು. ಅವನ ಕಣ್ಣಿಂದ ನೀರು ಸುರಿಯಿತು, ಒರೆಸಿಕೊಳ್ಳಲೂ ಇಲ್ಲ.

ಗುರುಗಳು ಮಾತು ನಿಲ್ಲಿಸಿದರು. ಉದ್ದಾನಯ್ಯ ಮುಂದಕ್ಕೆ ಸರಿದು ಕುಳಿತ.

"ಕೂಸು ಬಂದದ್ದು ಒಳ್ಳೆಯದೇ ಬುದ್ಧಿ. ಆದರೆ ನಲ್ಲಿ ತಿರುಗಿಸಿದಾಗಲೆಲ್ಲ ಆಯಮ್ಮನ ಹಂಗು. ಅಷ್ಟು ಭಾರ ಹೊತ್ತುಕೊಂಡು ಅವನು ಜೀವಮಾನವೆಲ್ಲ ಹೇಗೆ ಬದುಕಿದ?"

"ಹೊತ್ತದ್ದು ಅವಳ ಅಂಗಳ ಕಣಯ್ಯ, ಭಾರ ಭಾರ ಎಂದು ಗೊಣಗುತ್ತಿರುವವನು ನೀನು" ಎಂದರು ಗುರುಗಳು.