ಬೂದಿ ಸ್ಲ್ಯಾಬು ಯಾವುದು?

ಅಕ್ಕಿ ಗಿರಣಿಗಳ ಊರಲ್ಲಿ ಹುಸೇನಪ್ಪ ಅಂತ ಒಬ್ಬ ಗೌಂಡಿ. ಶಾಲೆ ಮುಂದಿನ ಚರಂಡಿ ಮುಚ್ಚೋಕೆ ಹತ್ತು ಸ್ಲ್ಯಾಬು ಹೊಯ್ದಿದ್ದ. ಐದಕ್ಕೆ ಬರೀ ಸಿಮೆಂಟು. ಉಳಿದ ಐದಕ್ಕೆ, ಆರು ಬುಟ್ಟಿ ಸಿಮೆಂಟಿನಲ್ಲಿ ಒಂದು ಬುಟ್ಟಿ ತೆಗೆದು, ಅದರ ಬದಲು ನುಣ್ಣಗೆ ಅರೆದ ಭತ್ತದ ಹೊಟ್ಟಿನ ಬೂದಿ ಬೆರೆಸಿದ್ದ. ಗಟ್ಟಿಯಾಗಲಿ ಅಂತ ಹತ್ತಕ್ಕೂ ತಿಂಗಳು ಪೂರ್ತಿ ನೀರು ಹೊಡೆದಿದ್ದ.

ಶಾಲೆ ಶುರುವಾಗೋ ಹಿಂದಿನ ದಿನ ಐದಕ್ಕೆ ಬೂದಿ ಬೆರೆಸಿದ ಸುದ್ದಿ ಕೇಳಿ ಇಂಜಿನಿಯರ್ ಸಾಹೇಬರು ಬಂದು ಕೆಂಡವಾದರು.

"ಕಾಂಕ್ರೀಟಿಗೆ ಬೂದಿನಾ? ಪಾತ್ರೆ ತಿಕ್ಕೋ ಕೆಲಸ ಅಂದ್ಕೊಂಡೆಯೇನೋ? ಬೂದಿ ಸ್ಲ್ಯಾಬೆಲ್ಲ ಈಗ್ಲೇ ಒಡಿ!"

ಒಡೆದರೆ ನಾಳೆ ಮಕ್ಕಳು ಚರಂಡಿ ಹಾರಬೇಕು. ಹುಸೇನಪ್ಪ ಸುತ್ತಿಗೆ, ಸೀಮೆಸುಣ್ಣ ಎರಡೂ ತಂದ.

"ಒಡೀತೀನ್ರಿ ಸಾಹೇಬ್ರ. ಹತ್ತೂ ಒಂದೇ ಬಣ್ಣ ಅದಾವು. ಕಲಿತವ್ರು ನೀವು, ಬಡಿದು ನೋಡಿ ಬೂದಿವಕ್ಕ ಗೀಟು ಹಾಕ್ರಿ."

ಸಾಹೇಬರು ಬಡಿದರು, ಕಿವಿಗೊಟ್ಟರು, ಐದಕ್ಕೆ ಗೀಟು ಎಳೆದರು.

"ಇವು ಟೊಳ್ಳು. ಉಳಿದವು ಕಬ್ಬಿಣ!"

"ಅಯ್ಯೋ, ನೀವು ಟೊಳ್ಳು ಅಂದವು ಬರೀ ಸಿಮೆಂಟಿನವು ಅದಾವ್ರೀ!"

"ಹಾಗಾದ್ರೆ ಉಳಿದವು ಒಡಿ."

"ಅವು ಕಬ್ಬಿಣ ಅಂದ್ರಲ್ರಿ?"

ಸಾಹೇಬರು ಗೀಟು ಅಳಿಸಿದರು. ಮತ್ತೆ ಎಳೆದರು. ಮತ್ತೆ ಅಳಿಸಿದರು.

"ಮತ್ತೆ ಒಡೀಬೇಕಾದ್ದು ಯಾವುದೋ?"

"ನಾನೂ ಅದನ್ನ ಕೇಳಾಕತ್ತೀನ್ರಿ."

ಸಾಹೇಬರು ತಲೆ ಕೆರೆಯುತ್ತ ಜೀಪು ಹತ್ತಿದರು. ಮರುದಿನ ಮಕ್ಕಳು ಹತ್ತರ ಮೇಲೂ ಕುಣಿಯುತ್ತ ಶಾಲೆಗೆ ಹೋದರು. ಬೂದಿಯವು ಯಾವುವು ಅಂತ ಹುಸೇನಪ್ಪನಿಗೇ ಮರೆತುಹೋಗಿ ಆಗಲೇ ವಾರವಾಗಿತ್ತು.